ಕಾವಿನ ಮುಳ್ಳು

ಮಲಂಗಸಾಬರದು ಕಡಿಮೆ ಮಾತು. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ದಲಾಲಿ ಮಾಡುವವರಿಗೆ ಮಾತೇ ಇಲ್ಲದಿದ್ದರೆ ಹೇಗೆ ನಡೆದೀತು ಎಂದು ಯಾರಾದರೂ ಕೇಳಬಹುದು. ಹೇಗೋ ನಡೆದಿತ್ತು. ಆದರೆ ಅಂಗಳದಲ್ಲಿ ನಿಂತ ಬೆಳ್ಳಿ ಬಣ್ಣದ ಕಾರಿನ ಕಡೆ ನೋಡಿ "ಗಾಡಿ ಹೆಂಗೈತ್ರಿ ಸಾಬ್ರ?" ಎಂದರೆ ಸಾಕು, ಆ ಬಾಯಿಯ ಬೀಗ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ನಾಲ್ಕು ಸಿಲಿಂಡರ್, ಸಾವಿರದ ಇನ್ನೂರು ಸಿ.ಸಿ., ಪೆಟ್ರೋಲು, ಲೀಟರಿಗೆ ಹದಿನೆಂಟು ಎಂದೂ ತಪ್ಪಿಸಿಲ್ಲ, ಆಯಿಲ್ ಒಂದು ಹನಿ ಕುಡಿಯುವುದಿಲ್ಲ, ಎಂಥ ಚಳಿಯಲ್ಲೂ ಒಂದೇ ಕೀಲಿಗೆ ಏಳುತ್ತದೆ. ಹೆಣ್ಣಿನ ಕಡೆಯವರು ಹುಡುಗಿಯ ಗುಣ ಹೇಳುವ ಧಾಟಿಯಲ್ಲಿ ಹೇಳುತ್ತಿದ್ದರು. ಮಗಳು ಮುಸರತಳನ್ನು ರಾಣೇಬೆನ್ನೂರಿಗೆ ಕೊಡುವಾಗ ಕೂಡ ಇವರು ಇಷ್ಟು ಹೊಗಳಿರಲಿಲ್ಲ ಎಂದು ಹೆಂಡತಿ ಮೈಮುನಾಬಿ ಹಂಗಿಸುತ್ತಿದ್ದರು.

ಆ ಮನೆಯಲ್ಲಿ ಉರ್ದು, ಕನ್ನಡ ಎರಡೂ ಕೂಡಿಯೇ ಓಡಾಡುತ್ತಿದ್ದವು. ಕಾರಿನ ವಿಷಯ ಬಂದರೆ ಮಾತ್ರ ಬರೀ ಕನ್ನಡ. ರಾಣೇಬೆನ್ನೂರಿನ ಮಿಸ್ತ್ರಿ ಶೇಖಪ್ಪನ ಹತ್ತಿರ ಕನ್ನಡದಲ್ಲಿ ಕಲಿತದ್ದನ್ನು ಬೇರೆ ಭಾಷೆಯಲ್ಲಿ ಹೇಳಿದರೆ ಎಂಜಿನ್ನಿಗೇ ತಿಳಿಯಲಿಕ್ಕಿಲ್ಲ ಎನ್ನುವಂತಿತ್ತು ಸಾಬರ ರೀತಿ.

ಶುಕ್ರವಾರ ಬೆಳಿಗ್ಗೆ, ಜುಮ್ಮಾ ನಮಾಜಿಗೆ ಬಹಳ ಮುಂಚೆ, ಎಂಜಿನ್ ಇನ್ನೂ ತಣ್ಣಗಿರುವಾಗ ಬಾನೆಟ್ ಮೇಲೇಳಬೇಕು. ಅದು ಅವರ ಕಟ್ಟುನಿಟ್ಟು. ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡುವುದು; ಕೂಲಂಟ್ ನೀರು ಗೆರೆಯವರೆಗೆ ಇದೆಯೇ ಎಂದು ಬಗ್ಗಿ ನೋಡುವುದು; ಏರ್ ಫಿಲ್ಟರ್ ಬಿಚ್ಚಿ ಗೋಡೆಗೆ ತಟ್ಟಿ ಕೆಂಪು ಧೂಳು ಉದುರಿಸುವುದು. ಬ್ಯಾಡಗಿಯ ಗಾಳಿಯಲ್ಲಿ ಮೆಣಸಿನಕಾಯಿಯ ಧೂಳು ಎಷ್ಟಿರುತ್ತದೆ ಎಂದು ಆ ಫಿಲ್ಟರನ್ನೇ ಕೇಳಬೇಕು. ಮೈಮುನಾಬಿ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಲ್ಲುತ್ತಿದ್ದರು. ಒಮ್ಮೆ ಇಲಿಗಳು ವೈರು ಕಡಿದವೆಂದು ಅವರು ತಂಬಾಕಿನ ಪೊಟ್ಟಣವೊಂದನ್ನು ಒಳಗೆ ತೂಗುಹಾಕಿದಾಗ ಸಾಬರು ಅದನ್ನು ಕಿತ್ತು ಬಿಸಾಕಿದ್ದರು. "ಬಾನೆಟ್ಟಿನ ಒಳಗ ಎಂಜಿನ್ ಬಿಟ್ಟು ಏನೂ ಇರಬಾರದು. ತಾವೀಜು ಕಟ್ಟೂದಿದ್ರ ಕನ್ನಡಿಗೆ ಕಟ್ಟು." ತಾವೀಜು ಕನ್ನಡಿಗೆ ಹೋಯಿತು.

ಮಗ ಮುಸ್ತಾಕನಿಗೆ ಈ ಶುಕ್ರವಾರದ ಪಾಠವೆಂದರೆ ಆಕಳಿಕೆ. ದಲಾಲಿ ಅಂಗಡಿಯಲ್ಲಿ ಅಪ್ಪನ ಬೆನ್ನಿಗೆ ನಿಂತು ದುಡಿಯುವವನೇ. ಗಾಡಿಯನ್ನೂ ಚೆನ್ನಾಗಿಯೇ ಓಡಿಸುತ್ತಿದ್ದ. ಆದರೆ ಅಪ್ಪ "ಹಿಂಗಾದ್ರ ಹಿಂಗ ಮಾಡಬೇಕು, ಹಂಗಾದ್ರ ಹಂಗ ಮಾಡಬೇಕು" ಎಂದು ಶುರು ಮಾಡಿದರೆ ಹೂಂಗುಟ್ಟುತ್ತ ಅರ್ಧ ಕೇಳಿ ಅರ್ಧ ಗಾಳಿಗೆ ಬಿಡುತ್ತಿದ್ದ. ಕಳೆದ ಚಳಿಗಾಲದಲ್ಲಿ ಸಾಬರಿಗೆ ಮೆಟ್ಟಿಲು ಇಳಿದರೂ ಏದುಸಿರು ಬರತೊಡಗಿತು. ಶುಕ್ರವಾರ ಮಗನ ಪಾಲಿಗೆ ಬಂತು. ಆಕಳಿಸುತ್ತಲೇ ಆದರೂ ಅವನು ಒಂದು ವಾರವೂ ತಪ್ಪಿಸಲಿಲ್ಲ. ಕೊನೆಯ ಶುಕ್ರವಾರ ಮಾತ್ರ, ಮೇಡ್ಲೇರಿಗೆ ಮಾಲು ನೋಡಲು ಹೋಗುವುದಿತ್ತೆಂದು, ಇನ್ನೂ ಕತ್ತಲಿರುವಾಗಲೇ ಒಬ್ಬನೇ ಎಲ್ಲ ನೋಡಿ ಮುಗಿಸಿದ್ದ. ನೀರು ಗೆರೆಯವರೆಗೆ ಇತ್ತು. ಅದನ್ನು ಕಂಡವರು ಮಾತ್ರ ಅವನಿಗೆ ತಿಳಿದಂತೆ ಯಾರೂ ಇರಲಿಲ್ಲ.

ಮುಂದಿನ ಬುಧವಾರ ಐರಣಿಯಿಂದ ಸಂಬಂಧಿ ಅಸ್ಲಮ್ ಬಂದಿದ್ದ. ಚಹಾ ಕುಡಿದು ಹೊರಬಂದವನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಮಾಮಾ, ಇದರ ವಯಸ್ಸು ಯಾರಿಗೂ ಹೇಳಾಕ ಬರೂದಿಲ್ಲ ಬಿಡ್ರಿ. ನೀವೂ ಹಂಗ, ನಿಮ್ಮ ಗಾಡೀನೂ ಹಂಗ" ಎಂದ. ಸಾಬರು ಹಿಗ್ಗಿದರು. ಬಾಗಿಲಲ್ಲಿ ನಿಂತಿದ್ದ ಮೈಮುನಾಬಿಯ ಮುಖ ಮಾತ್ರ ಚಿಕ್ಕದಾಯಿತು.

ಗುರುವಾರ ಮಾರ್ಕೆಟ್ಟಿನ ದಿನ. ಅದೂ ಫೆಬ್ರುವರಿ; ಸುತ್ತಲಿನ ಸೀಮೆಯ ಮೆಣಸಿನಕಾಯಿಯೆಲ್ಲ ಬ್ಯಾಡಗಿಯ ಕಡೆಗೇ ಮುಖ ಮಾಡುವ ಕಾಲ. ಬೆಳಗಿನ ನಾಷ್ಟಾ ಮುಗಿಸಿ ಕೈ ತೊಳೆದ ಮಲಂಗಸಾಬರು ಎದೆ ಹಿಡಿದುಕೊಂಡು ಮಂಚದ ಮೇಲೆ ಕುಳಿತರು. ಮೈಯೆಲ್ಲ ಬೆವರು. ಪಕ್ಕದ ಓಣಿಯ ಡಾಕ್ಟರು ಓಡಿ ಬಂದು ನಾಲಿಗೆಯಡಿ ಗುಳಿಗೆ ಇಟ್ಟು, ತಡ ಮಾಡದೆ ಹಾವೇರಿಗೆ ಒಯ್ಯಿರಿ ಎಂದರು. ಆಂಬುಲೆನ್ಸ್ ಕರೆಸಲೇ ಎಂದು ಕೇಳಿದಾಗ ಸಾಬರು ಕೈ ಅಡ್ಡ ಆಡಿಸಿದರು.

"ನಮ್ಮ ಗಾಡಿ ಐತಲ್ಲ" ಎಂದರು.

ಅವರಿಂದ ಕಿವಿಗೆ ತಿಳಿಯುವಂತೆ ಬಂದ ಕೊನೆಯ ಮಾತು ಅದು.

ಅಪ್ಪನನ್ನು ಮುಂದಿನ ಸೀಟಿನಲ್ಲಿ ಒರಗಿಸಿದ. ಅಮ್ಮ ಹಿಂದೆ ಕುಳಿತರು. ಎಂಜಿನ್ ಒಂದೇ ಕೀಲಿಗೆ ಎದ್ದಿತು. ಆದರೆ ಊರು ದಾಟಬೇಕಲ್ಲ! ಲಾರಿಯೊಂದು ರಸ್ತೆಗೆ ಅಡ್ಡ ಸಿಕ್ಕಿಕೊಂಡು, ಹಿಂದೆ ಟ್ರ್ಯಾಕ್ಟರು, ಮುಂದೆ ಟೆಂಪೋ, ನಡುವೆ ಚೀಲ ಹೊತ್ತ ಹಮಾಲರು. ಮುಸ್ತಾಕ ಹಾರ್ನು ಒತ್ತಿದ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ, ಬೈದ, ಕೈಮುಗಿದ. ಗಾಡಿ ಚಾಲೂ ಇದ್ದಲ್ಲೇ ಗುರುಗುಡುತ್ತ ನಿಂತಿತು. ಅಪ್ಪ ಬೆವರುತ್ತಿದ್ದಾರೆಂದು ಏಸಿಯನ್ನು ಪೂರ್ತಿ ತಿರುವಿದ. ತಂಪೇ ಬರಲಿಲ್ಲ. ಅದರ ಕಡೆಗೂ ಅವನಿಗೆ ಲಕ್ಷ್ಯ ಇರಲಿಲ್ಲ.

ಸಾಬರು ಎದುರಿನ ಮೀಟರುಗಳನ್ನೇ ದಿಟ್ಟಿಸುತ್ತಿದ್ದರು. ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಮೆಲ್ಲಗೆ ಕೈ ಚಾಚಿ, ನಡುವಿನ ಗುಬುಟೊಂದನ್ನು ಕೆಂಪು ಬಣ್ಣದ ಕಡೆಗೆ ತಿರುವಿದರು. ಭುಸ್ಸೆಂದು ಬಿಸಿ ಗಾಳಿ ಬಂತು. ಮುಸ್ತಾಕ ಬೆಚ್ಚಿ ಅದನ್ನು ಮತ್ತೆ ನೀಲಿಯ ಕಡೆಗೆ ತಂದ. ಅಪ್ಪನ ಕೈ ಮತ್ತೆ ಬಂತು, ಮತ್ತೆ ಕೆಂಪಿಗೆ ತಿರುವಿತು.

"ಅವರಿಗೆ ಥಂಡಿ ಹತ್ತೇತಿ. ಹಂಗ ಬಿಡು" ಎಂದರು ಹಿಂದಿನಿಂದ ಅಮ್ಮ.

"ಮೈಯೆಲ್ಲಾ ನೀರಾಗೇತಿ, ಥಂಡಿ ಎಲ್ಲಿಂದ ಹತ್ತತೈತಿ ಅಮ್ಮಾ? ಅವರಿಗೆ ಏನೂ ತಿಳೀವಲ್ದು" ಎಂದು ಮುಸ್ತಾಕ ಅಪ್ಪನ ಕೈಯನ್ನು ಹಿಡಿದು, ಮಕ್ಕಳ ಕೈ ಸರಿಸುವ ಹಾಗೆ, ಅವರ ತೊಡೆಯ ಮೇಲೆಯೇ ಇಟ್ಟ. ಆ ಕೈ ಮತ್ತೆ ಏಳಲಿಲ್ಲ.

ದಾರಿ ಬಿಟ್ಟಿತು. ಊರ ಹೊರಗೆ ಬಂದದ್ದೇ ಮುಸ್ತಾಕ ಗಾಡಿಯನ್ನು ಓಡಿಸಿದ ಓಟ ಅವನಿಗೊಬ್ಬನಿಗೇ ಗೊತ್ತು. ಮೋಟೆಬೆನ್ನೂರಿನ ಹತ್ತಿರ, ಹೆದ್ದಾರಿ ಕಣ್ಣಿಗೆ ಬೀಳುವ ಹೊತ್ತಿಗೆ, ಎಂಜಿನ್ ಶಕ್ತಿ ಬಿಟ್ಟಿತು. ಬಾನೆಟ್ಟಿನ ಸಂದಿಯಿಂದ ಬೆಳ್ಳಗಿನ ಹಬೆ ಎದ್ದಿತು. ಆಗ ಅವನು ಮೊದಲ ಸಲ ಕಾವು ತೋರಿಸುವ ಮುಳ್ಳಿನ ಕಡೆ ನೋಡಿದ. ಅದು ಕೆಂಪು ಗೆರೆ ದಾಟಿ ಕೊನೆಗೆ ಅಂಟಿಕೊಂಡಿತ್ತು. ಗಾಡಿ ರಸ್ತೆಯ ಅಂಚಿನಲ್ಲಿ ನಿಂತುಬಿಟ್ಟಿತು. ಹನ್ನೆರಡು ವರ್ಷದಲ್ಲಿ ಅದು ದಾರಿಯಲ್ಲಿ ನಿಂತದ್ದು ಅದೇ ಮೊದಲು.

ಬಾನೆಟ್ ಎತ್ತಿದರೆ ಕುದಿಯುವ ಹಬೆಯ ಜೊತೆ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದು ಕೆಮ್ಮು ಬಂತು. ಆ ಸೀಮೆಯಲ್ಲಿ, ಆ ತಿಂಗಳಲ್ಲಿ ಯಾವುದಕ್ಕೆ ಮೆಣಸಿನಕಾಯಿಯ ಘಾಟು ಇರುವುದಿಲ್ಲ? ಅವನು ಅದನ್ನು ಎಣಿಕೆಗೇ ತೆಗೆದುಕೊಳ್ಳಲಿಲ್ಲ. ರಸ್ತೆಯ ನಡುವೆ ನಿಂತು, ಮಾಲು ಇಳಿಸಿ ಹಾವೇರಿಗೆ ಹೊರಟಿದ್ದ ಟೆಂಪೋ ಒಂದನ್ನು ತಡೆದ. ಖಾಲಿ ಚೀಲಗಳ ಮೇಲೆ ಅಪ್ಪನನ್ನು ಮಲಗಿಸಿದರು. ಅಮ್ಮ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಲಮಾ ಹೇಳತೊಡಗಿದರು. ಹಾವೇರಿ ಮುಟ್ಟಿದಾಗ ಆಸ್ಪತ್ರೆಯವರಿಗೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. "ಇನ್ನೊಂದು ಸ್ವಲ್ಪ ಮೊದಲು ಬಂದಿದ್ರ…" ಎಂದು ಡಾಕ್ಟರು ಮಾತನ್ನು ಅಲ್ಲಿಗೇ ಬಿಟ್ಟು ಪಕ್ಕದ ರೋಗಿಯ ಕಡೆ ಹೋದರು. ಅವರಿಗೆ ಅದು ದಿನವೂ ಆಡುವ ಅರ್ಧ ಮಾತು. ಉಳಿದರ್ಧವನ್ನು ಮುಸ್ತಾಕ ಮನೆಗೆ ಹೊತ್ತು ತಂದ.

ಮಯ್ಯತ್ತಿಗೆ ಬಂದವರು ಅತ್ತರು, ಸಮಾಧಾನ ಹೇಳಿದರು, ಆಮೇಲೆ ಮೆಲ್ಲನೆ ಒಬ್ಬರನ್ನೊಬ್ಬರು ಕೇಳಿದರು: ಗಾಡಿ ಯಾಕೆ ನಿಂತಿತು? ಗಾಡಿ ಕುದ್ದರೆ ನೀರಿಲ್ಲ ಎಂದೇ ಲೋಕದ ಲೆಕ್ಕ. ನೀರು ನೋಡುವವನು ಯಾರು? ಮಗ. ತೀರ್ಮಾನಕ್ಕೆ ಇನ್ನೇನು ಬೇಕು. ಬೇರೆಯವರು ಹಿಂದೆ ಆಡಿದ್ದನ್ನು ತಂಗಿ ಮುಸರತ ಮುಂದೆಯೇ ಆಡಿದಳು.

"ನಮ್ಮ ಅಬ್ಬಾ ಒಂದೂ ಶುಕ್ರವಾರ ತಪ್ಪಿಸಲಿಲ್ಲ. ನೀ ತಪ್ಪಿಸಿದಿ."

"ಅಲ್ಲಾನ ಆಣಿ, ನಾ ನೋಡೀನಿ. ನೀರು ಇತ್ತು."

"ಇದ್ದಿದ್ರ ಗಾಡಿ ನಿಲ್ಲತಿತ್ತೇನು?"

ಅವನು ಅಮ್ಮನ ಕಡೆ ನೋಡಿದ. ಅಮ್ಮ ಏನಾದರೂ ಹೇಳಿಯಾರು, ಹುಚ್ಚಿ ಸುಮ್ಮನಿರು ಎಂದಾದರೂ ಮಗಳಿಗೆ ಅಂದಾರು ಎಂದುಕೊಂಡ. ಮೈಮುನಾಬಿ ತಲೆ ಎತ್ತಲಿಲ್ಲ. ಬೆರಳುಗಳ ನಡುವೆ ತಸ್ಬೀಯ ಮಣಿಗಳು ಮಾತ್ರ ಸರಿಯುತ್ತಿದ್ದವು.

ಅಂದಿನಿಂದ ಮನೆಯಲ್ಲಿ ಅವನಿಗೆ ಅಮ್ಮ ಇದ್ದೂ ಇಲ್ಲವಾದರು. ಗಂಡ ತೀರಿದ ಹೆಂಗಸು ಹೊಸ್ತಿಲು ದಾಟದೆ ಕಳೆಯಬೇಕಾದ ಇದ್ದತ್ತಿನ ತಿಂಗಳುಗಳು ಅವು. ಒಳಕೋಣೆಯಲ್ಲಿ ಬಿಳಿ ಸೀರೆ ಉಟ್ಟು ಕುಳಿತಿರುತ್ತಿದ್ದರು. ಸೊಸೆ ದಿಲನಾಜಳ ಜೊತೆ ಎರಡು ಮಾತು, ಬಂದ ಹೆಂಗಸರ ಜೊತೆ ನಾಲ್ಕು ಮಾತು. ಮುಸ್ತಾಕ ಒಳಗೆ ಬಂದನೆಂದರೆ ಮುಖ ಗೋಡೆಯ ಕಡೆ ತಿರುಗುತ್ತಿತ್ತು. "ಔಷಧ ತಗೊಂಡ್ರೇನು ಅಮ್ಮಾ?" ಎಂದರೆ "ಹೂಂ." "ಏನರ ತರಲೇನು?" ಎಂದರೆ "ಬ್ಯಾಡ." ಸಿಟ್ಟಿನಿಂದ ನಾಲ್ಕು ಬೈದಿದ್ದರೆ ಅವನು ಹೊಟ್ಟೆ ತುಂಬ ಉಂಡು ಮಲಗುತ್ತಿದ್ದ. ಮೂವತ್ತು ದಾಟಿದ ಗಂಡಸು, ತಾಯಿ ಒಮ್ಮೆ ಕಣ್ಣೆತ್ತಿ ನೋಡಲಿ ಎಂದು ಅವರ ಬಾಗಿಲಲ್ಲಿ ಸುಮ್ಮನೆ ಸುಳಿದಾಡುತ್ತಿದ್ದ. ಅವನಿಗೆ ಬೇಕಾದದ್ದು ಅದೊಂದೇ.

ನಲವತ್ತನೇ ದಿನದ ಫಾತಿಹಾ ಮುಗಿದ ಮೇಲೆ ರಾಣೇಬೆನ್ನೂರಿನಿಂದ ಶೇಖಪ್ಪ ಫೋನು ಮಾಡಿದ. ಎಳೆದೊಯ್ದ ಗಾಡಿ ಅಷ್ಟು ದಿನವೂ ಅವನ ಶೆಡ್ಡಿನಲ್ಲೇ ಇತ್ತು. ಮನೆಯವರ ದುಃಖ ಆರುವ ಮೊದಲು ಬಿಚ್ಚಲು ಅವನಿಗೆ ಮನಸ್ಸು ಬಂದಿರಲಿಲ್ಲ. ಈ ಶೇಖಪ್ಪ ಕೆಲಸಕ್ಕಿಂತ ಮಾತು ಜಾಸ್ತಿಯವನು, ಮಾತಿಗಿಂತ ಕಣ್ಣೀರು ಜಾಸ್ತಿಯವನು. ಮುಸ್ತಾಕನನ್ನು ಕಂಡದ್ದೇ ಆಯಿಲ್ ಅರಿವೆಯಿಂದ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡ.

"ಹೆಡ್ ಸೊಟ್ಟಾಗೇತಿ, ಗ್ಯಾಸ್ಕೆಟ್ ಸುಟ್ಟೈತಿ. ಅದೆಲ್ಲಾ ಮಾಡೂಣು, ಎಂಜಿನ್ ಉಳಿತೈತಿ. ಆದ್ರ ಒಂದ್ ಮಾತು ಕೇಳು ತಮ್ಮಾ. ನೀರು ಇತ್ತು."

"ಏನಂದ್ರಿ ಕಾಕಾ?"

"ನೀರು ಇತ್ತು ಅಂದೆ. ಉಕ್ಕಿ ಎಲ್ಲಾ ಕಡೆ ಚೆಲ್ಲಿದ ಗುರುತು ಐತಿ. ಇಲ್ಲದ ನೀರು ಉಕ್ಕತೈತೇನು? ನಿಂತಿದ್ದು ಫ್ಯಾನು. ಗಾಡಿ ಓಡುಮುಂದ ಗಾಳಿ ತಾನ ಬಡದು ನೀರು ಆರತೈತಿ. ನಿಂತಲ್ಲೇ ಚಾಲೂ ಇದ್ರ ಫ್ಯಾನ ತಿರುಗಬೇಕು. ನೀವು ಮಾರ್ಕೆಟ್ಟಿನ್ಯಾಗ ಅಷ್ಟೊತ್ತು ನಿಂತ್ರೆಲ್ಲ, ಅಲ್ಲೇ ಆಗಿದ್ದು. ಫ್ಯಾನ್ ಯಾಕ ನಿಂತು ಅಂದ್ರ… ಬಾ ಇಲ್ಲಿ."

ಹಳೆಯ ಡಬ್ಬಿಯ ಮುಚ್ಚಳವೊಂದನ್ನು ಮುಂದಿಟ್ಟ. ಅದರಲ್ಲಿ ಒಂದು ಅರಿವೆಯ ಗಂಟು ಇತ್ತು. ಫ್ಯಾನಿನ ರೆಕ್ಕೆಗೂ ಅದರ ಚೌಕಟ್ಟಿಗೂ ನಡುವೆ ಸಿಕ್ಕು ಹರಿದಿತ್ತು. ಹರಿದಲ್ಲಿಂದ ಜಜ್ಜಿದ ಮೆಣಸಿನಕಾಯಿ ಹೊರಬಂದಿತ್ತು. ಸುಕ್ಕುಸುಕ್ಕಾದ, ಕಡುಗೆಂಪಿನ ಬ್ಯಾಡಗಿಯ ಮಾಲು. ಜೊತೆಗೆ ಕಲ್ಲುಪ್ಪು, ಪಟಿಕದ ಒಂದು ಚೂರು. ಅರಿವೆ ಹಸಿರು ವಾಯಿಲ್, ಮೇಲೆ ಬಿಳಿ ಚುಕ್ಕೆ. ಕೆಂಪು ದಾರದಿಂದ ಸುತ್ತಿ ಹಾಕಿದ ಗಂಟು ಇನ್ನೂ ಬಿಚ್ಚಿರಲಿಲ್ಲ.

"ಇಲಿ ಎಳಕೊಂಡ ಬಂದಿರಬೇಕು" ಎಂದ ಶೇಖಪ್ಪ, ಮುಸ್ತಾಕನ ಮುಖ ನೋಡದೆ. ಇಲಿ ದಾರ ಸುತ್ತಿ ಗಂಟು ಹಾಕುವುದಿಲ್ಲ ಎನ್ನುವುದು ಅವನಿಗೂ ಗೊತ್ತಿತ್ತು.

ಮುಸ್ತಾಕನಿಗೆ ಆ ಅರಿವೆ ಗೊತ್ತಿತ್ತು. ಅಮ್ಮನ ಹಳೆಯ ಸೀರೆ. ಮನೆಯ ಏಲಕ್ಕಿಯಿಂದ ಹಿಡಿದು ದರ್ಗಾದ ಬೂದಿಯವರೆಗೆ ಎಲ್ಲವೂ ಆ ಸೀರೆಯ ತುಂಡುಗಳಲ್ಲೇ ಕಟ್ಟಿಡಲ್ಪಡುತ್ತಿದ್ದವು. ಬುಧವಾರದ ಸಂಜೆ ಕಣ್ಣಿಗೆ ಕಟ್ಟಿತು. ಅಸ್ಲಮ್ ಹೊಗಳಿ ಹೋದ ಮೇಲೆ, ಮಗರಿಬ್ಬಿನ ಹೊತ್ತಿಗೆ, ಅಮ್ಮ ಮುಷ್ಟಿ ಬಿಗಿಹಿಡಿದು ಅಂಗಳಕ್ಕೆ ಇಳಿದಿದ್ದರು. ಮುಷ್ಟಿಯಲ್ಲಿದ್ದದ್ದು ಇದೇ ಏಳು ಮೆಣಸಿನಕಾಯಿ. ಗಂಡನಿಗೆ, ಗಂಡನ ಗಾಡಿಗೆ ನಜರು, ಕೆಟ್ಟ ಕಣ್ಣು ತಾಗದಿರಲಿ ಎಂದು. ಕನ್ನಡಿಗೆ ಕಟ್ಟಿದರೆ ಗಂಡ ಕೇಳುತ್ತಾರೆ, ನಗುತ್ತಾರೆ. ಆದ್ದರಿಂದ ಎಷ್ಟೋ ಶುಕ್ರವಾರ ಟಾರ್ಚ್ ಹಿಡಿದು ನಿಂತು ಪರಿಚಯವಾಗಿದ್ದ ಆ ಕತ್ತಲೆಯೊಳಗೆ, ಮುಂದಿನ ಜಾಲರಿಯ ಹಿಂದೆ ಕಟ್ಟಿರಬೇಕು.

ಮೊದಲು ಅವನಿಗೆ ಆದದ್ದು ಸಂತೋಷ. ಮುಚ್ಚಿಡುವುದೇಕೆ? ನಾನಲ್ಲ, ನಾನಲ್ಲ ಎಂದು ಎದೆ ಕುಣಿಯಿತು. ಈಗಲೇ ಇದನ್ನು ಒಯ್ದು ಮುಸರತಳ ಮುಂದೆ ಹಿಡಿಯಬೇಕು, ಊರಿನ ಮುಂದೆ ಹಿಡಿಯಬೇಕು ಎನ್ನಿಸಿತು. ಅಷ್ಟರಲ್ಲಿ ಶೇಖಪ್ಪ ಮೂಗು ಒರೆಸಿಕೊಳ್ಳುತ್ತ ಇನ್ನೊಂದು ಮಾತು ಆಡಿದ, ಅದೂ ಯಾವ ಉದ್ದೇಶವೂ ಇಲ್ಲದೆ.

"ಅಂಥಾ ಹೊತ್ತಿನ್ಯಾಗ ಹೀಟರ್ ಹಚ್ಚಬೇಕು ನೋಡು. ಎಂಜಿನ್ನಿನ ಕಾವು ಒಂದೀಟು ಒಳಗ ಬಂದು ಅದರ ಜೀವ ಉಳಿತೈತಿ. ಒಳಗ ಕುಂತಾವ್ರು ಬೇಯ್ತಾರ, ಗಾಡಿ ಮುಂದ ಹೊಕ್ಕೈತಿ. ನಿಮ್ಮಪ್ಪಗ ನಾನ ಹೇಳಿಕೊಟ್ಟಿದ್ದೆ. ನಿನಗ ಹೇಳಿದ್ದಿಲ್ಲೇನು ಅವರು?"

ಹೇಳಿದ್ದರು. ಯಾವುದೋ ಒಂದು ಶುಕ್ರವಾರ, ಅವನು ಗಾಳಿಗೆ ಬಿಟ್ಟ ಅರ್ಧದಲ್ಲಿ ಅದು ಇತ್ತು. ಮಾತು ನಿಂತ ಮೇಲೂ ಅಪ್ಪ ಅದನ್ನೇ ಹೇಳಿದ್ದರು, ಕೈಯಿಂದ, ಎರಡೆರಡು ಸಲ. ಮುಸ್ತಾಕ ಆ ಕೈಯನ್ನು ಎತ್ತಿ ತೊಡೆಯ ಮೇಲಿಟ್ಟಿದ್ದ.

ಕುಳಿತಲ್ಲೇ ಅವನು ಬಿಕ್ಕಿ ಬಿಕ್ಕಿ ಅತ್ತ. ಅಪ್ಪ ತೀರಿದ ದಿನ ಕೂಡ ಹಾಗೆ ಅತ್ತಿರಲಿಲ್ಲ. ಶೇಖಪ್ಪ ಗಾಬರಿಯಾಗಿ ನೀರು ತಂದುಕೊಟ್ಟ.

"ಹಚ್ಚಿದ್ರ ಹಾವೇರಿ ಮುಟ್ಟತಿದ್ವೇನು ಕಾಕಾ?"

"ಅದನ್ನ ಯಾರು ಹೇಳಬೇಕಪಾ? ಮುಟ್ಟತಿತ್ತೋ ಏನೋ, ಇಲ್ಲೋ ಏನೋ." ಲೋಟ ತಿರುಗಿ ತೆಗೆದುಕೊಂಡು, "ಮನ್ಯಾಗ ಇಲಿ ಅಂತ ಹೇಳಿಬಿಡು" ಎಂದ.

ರಾಣೇಬೆನ್ನೂರಿನಿಂದ ಬ್ಯಾಡಗಿಯವರೆಗೆ ಬಸ್ಸಿನಲ್ಲಿ ಅವನು ಅದನ್ನೇ ತಿರುವಿ ತಿರುವಿ ನೋಡಿದ. ಇಲಿ ಎಂದರೆ ಅಮ್ಮ ಕೇಳುತ್ತಾರೆ, ಇಲಿ ಏನು ಮಾಡಿತು ಎಂದು. ಅರಿವೆ ಎಳೆದು ತಂದು ಫ್ಯಾನಿಗೆ ಸಿಕ್ಕಿಸಿತು ಎಂದರೆ, ಯಾವ ಅರಿವೆ ಎಂದು ಕೇಳುವುದೂ ಬೇಡ, ಅಮ್ಮನಿಗೆ ಅಲ್ಲಿಗೇ ತಿಳಿಯುತ್ತದೆ. ಫ್ಯಾನ್ ಎಂಬ ಶಬ್ದ ಬಂದರೂ ಒಂದಿಲ್ಲೊಂದು ದಿನ ತಿಳಿಯುತ್ತದೆ. ಗಂಟು ಕಟ್ಟಿದ ಜಾಗ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಂಜಿನ್ ಹಳೆಯದಾಗಿತ್ತು ಎಂದರೆ ಅಪ್ಪನ ಅಷ್ಟು ಶುಕ್ರವಾರಗಳಿಗೆ ಮಸಿ ಬಳಿದಂತೆ. ಉಳಿದದ್ದು ಒಂದೇ ಮಾತು. ತಾನೂ ಪೂರ್ತಿ ನಿರಪರಾಧಿ ಅಲ್ಲ ಎಂಬುದು ಈಗ ಅವನಿಗೆ ತಿಳಿದಿತ್ತಾಗಿ, ಆ ಮಾತು ಅಷ್ಟು ಭಾರ ಎನ್ನಿಸಲಿಲ್ಲ.

ಮನೆಗೆ ಹೋಗುವ ಮೊದಲು ಅಂಗಡಿಗೆ ಹೋಗಿ, ಶೇಖಪ್ಪನ ಶೆಡ್ಡಿನಿಂದ ಜೇಬಿನಲ್ಲಿ ತಂದಿದ್ದ ಗಂಟು ಬಿಚ್ಚಿ, ಮೆಣಸಿನಕಾಯಿಯನ್ನು ರಾಶಿಯ ಮೇಲೆ ಸುರಿದ. ಕೈಯಾಡಿಸಿದ ಮೇಲೆ ಯಾವುದು ಯಾವುದೆಂದು ಅವನಿಗೇ ತಿಳಿಯಲಿಲ್ಲ. ಅರಿವೆಯನ್ನು ಚಹಾ ಅಂಗಡಿಯ ಒಲೆಗೆ ಹಾಕಿದ.

ಅಂದು ಅಮ್ಮ ತಾವಾಗಿ ಕೇಳಿದರು. ಮುಖ ಗೋಡೆಯ ಕಡೆಗೇ ಇತ್ತು.

"ಶೇಖಪ್ಪ ಏನಂದ?"

"ನೀರು ಇರಲಿಲ್ಲಂತ, ಅಮ್ಮಾ."

ತಸ್ಬೀ ನಿಂತಿತು. ಮೈಮುನಾಬಿ ಒಮ್ಮೆ ತಿರುಗಿ ಅವನನ್ನು ನೋಡಿದರು. ಎಷ್ಟೋ ದಿನದ ಮೇಲೆ ಕಂಡ ಆ ನೋಟದಲ್ಲಿ ಏನಿತ್ತೆಂದು ಅವನಿಗೆ ತಿಳಿಯಲಿಲ್ಲ. ಬೈಗುಳ ಬರಲಿಲ್ಲ, ಅಳು ಬರಲಿಲ್ಲ. ಮತ್ತೆ ಗೋಡೆಯ ಕಡೆ ತಿರುಗಿದರು. ಇನ್ನು ಮುಗಿಯಿತು, ಅಮ್ಮ ನನ್ನ ಪಾಲಿಗೆ ಇಲ್ಲ ಎಂದುಕೊಂಡು ಅವನು ಹೊರಗೆ ಬಂದ. ದಿಲನಾಜ ಊಟಕ್ಕೆ ಕರೆದರೂ ಏಳಲಿಲ್ಲ.

ಮುಂಗಾರು ಹತ್ತಿ ಧೂಳು ಅಡಗಿತು. ಗಾಡಿ ರಿಪೇರಿಯಾಗಿ ಅಂಗಳಕ್ಕೆ ಬಂತು. ಮತ್ತೆ ಒಂದೇ ಕೀಲಿಗೆ ಏಳುತ್ತಿತ್ತು. ಮಾರಿಬಿಡು ಎಂದು ಎಲ್ಲರೂ ಅಂದರು. ಅವನು ಮಾರಲಿಲ್ಲ. ಇದ್ದತ್ತು ಮುಗಿದ ಮರುದಿನ ಮುಸರತ ಫೋನು ಮಾಡಿ, ಅಮ್ಮನ ಮೊದಲ ಹೊರಗಾಲು ತನ್ನ ಮನೆಗೇ ಆಗಬೇಕು, ರಾಣೇಬೆನ್ನೂರಿಗೆ ಕರೆದುಕೊಂಡು ಬಾ ಎಂದಳು. ದನಿಯಲ್ಲಿ ಇನ್ನೂ ಗಂಟು ಬಿಚ್ಚಿರಲಿಲ್ಲ.

ಬೆಳಿಗ್ಗೆ ಕೀಲಿ ಹಿಡಿದು ಅಂಗಳಕ್ಕೆ ಇಳಿದ ಮುಸ್ತಾಕ ಅಲ್ಲೇ ನಿಂತ. ಬಾನೆಟ್ ಮೇಲೆದ್ದಿತ್ತು. ಅದರ ಮುಂದೆ ಅಮ್ಮ ಬಗ್ಗಿ ನಿಂತಿದ್ದರು. ಕೈಯಲ್ಲಿ ಹಸಿರು ವಾಯಿಲಿನ ಗಂಟು. ಈ ಸಲ ದೊಡ್ಡದು.

"ಅಮ್ಮಾ" ಎಂದ.

ಮೈಮುನಾಬಿ ಬೆಚ್ಚಿ ತಿರುಗಿದರು. ಕಳವು ಮಾಡುವಾಗ ಸಿಕ್ಕವರಂತೆ ಗಂಟನ್ನು ಎದೆಗೆ ಒತ್ತಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು.

"ನೀ ಯಾಕ ಸುಳ್ಳು ಹೇಳಿದಿ?"

"ಏನ್ ಸುಳ್ಳು ಅಮ್ಮಾ?"

"ನೀರು ಇರಲಿಲ್ಲ ಅಂದಿ. ಆ ಶುಕ್ರವಾರ ನಾ ಕಿಡಕ್ಯಾಗಿಂದ ನೋಡೀನಿ. ಕತ್ತಲಿದ್ದಾಗ ಎದ್ದು, ಬಗ್ಗಿ, ನೀ ನೀರು ನೋಡಿದಿ. ಆಯಿಲ್ ನೋಡಿದಿ. ಫಿಲ್ಟರ್ ಬಡಿದಿ. ಮುಸರತ ನಿನ್ನ ಅಷ್ಟು ಅಂದಾಗ ಅದನ್ನ ಹೇಳಾಕ ನನಗ ಬಾಯಿ ಬರಲಿಲ್ಲ. ಯಾಕಂದ್ರ ತಪ್ಪು ಯಾರದು ಅಂತ ನನಗ ಗೊತ್ತಿತ್ತು."

ಅಮ್ಮನಿಗೆ ಗೊತ್ತಿತ್ತೇ? ಅಷ್ಟು ದಿನ ಗೋಡೆ ನೋಡುತ್ತ ಕುಳಿತದ್ದು ಇದನ್ನು ಹೊತ್ತುಕೊಂಡೇ?

"ಅವರು ಹೋಗೂ ಹಿಂದಿನ ದಿನ ನಾನು ಇಂಥಾದ್ದ ಒಂದು ಕಟ್ಟಿದ್ದೆ. ಅಸ್ಲಮನ ಬಾಯಿಗೆ ಅಂಜಿ. ಅವರು ನೋಡ್ಯಾರು ಅಂತ ಅವಸರ ಇತ್ತು. ಏಳರಾಗ ಒಂದು ತೊಟ್ಟು ಮುರಿದಿತ್ತು ಬೇಟಾ. ಮುರಿದದ್ದು ಅಂತ ತಿಳಿದೂ ಇರಲಿ ಬಿಡು ಅಂತ ಕಟ್ಟಿದೆ. ಮುರಿದ ಕಾಯಿ ನಜರು ತಡೀತೈತೇನು? ನನ್ನ ಕೈಯಾರ ನಾ ಅವರನ್ನ ಕಳಕೊಂಡೆ. ನಿನ್ನ ಮಾರಿ ನೋಡಿದ್ರ ಎಲ್ಲಾ ಹೊರಗ ಬರತೈತಿ ಅಂತ ಗ್ವಾಡಿ ನೋಡಿಕೋತ ಕುಂತೆ." ಸೆರಗಿನಿಂದ ಕಣ್ಣೊತ್ತಿಕೊಂಡು ಗಂಟನ್ನು ಅವನ ಮುಂದೆ ಹಿಡಿದರು. "ಇದರಾಗ ಎಲ್ಲಾ ಇಡೀ ಕಾಯಿ ಅದಾವು. ಒಂದೊಂದ ಬೆಳಕಿಗೆ ಹಿಡಿದು ನೋಡೀನಿ. ಕಟ್ಟಲಿ ಬ್ಯಾಡಂತ ಅನಬ್ಯಾಡ. ನೀನೊಬ್ಬನ ಉಳದೀದಿ."

ಅಮ್ಮ ಹುಡುಕುತ್ತ ಹುಡುಕುತ್ತ ನಿಜದ ಬಾಗಿಲವರೆಗೂ ಬಂದು, ಒಂದೇ ಒಂದು ಹೆಜ್ಜೆ ಈಚೆಗೆ ನಿಂತಿದ್ದರು. ಇಲ್ಲಿ ನಿಂತೇ ಇಷ್ಟು ನೊಂದವರು ಆ ಹೊಸ್ತಿಲು ದಾಟಿದರೆ ಬದುಕಿ ಉಳಿಯಲಾರರು. ಮುಸ್ತಾಕ ಹತ್ತಿರ ಬಂದು, ಅಮ್ಮನ ತಲೆಯ ಮೇಲೆ ಕೈಯಾಡಿಸಿದ.

"ಕಟ್ಟರಿ ಅಮ್ಮಾ. ನಾ ಟಾರ್ಚ್ ಹಿಡೀತೇನಿ."

ಅವರು ಕಟ್ಟಿದರು. ಕೆಂಪು ದಾರವನ್ನು ಮೂರು ಸುತ್ತು ಸುತ್ತಿ, ಕೊನೆಯನ್ನು ಒಳಗೆ ತೂರಿಸಿ ಎಳೆದರು. ಫ್ಯಾನಿನ ರೆಕ್ಕೆಗಳಿಂದ ಒಂದು ಗೇಣೂ ದೂರವಿರಲಿಲ್ಲ. ಅವನು ಟಾರ್ಚ್ ಹಿಡಿದು ಆ ಸುತ್ತುಗಳನ್ನು ಕಣ್ಣಲ್ಲಿ ಇಟ್ಟುಕೊಂಡ.

ಅಮ್ಮ ಮುಂದಿನ ಸೀಟಿನಲ್ಲಿ, ಅಪ್ಪ ಕೂರುತ್ತಿದ್ದಲ್ಲಿ ಕುಳಿತರು. ಊರ ಹೊರಗಿನ ಪೆಟ್ರೋಲ್ ಬಂಕಿನ ಹತ್ತಿರ ಗಾಡಿ ನಿಲ್ಲಿಸಿ, "ಒಂದೀಟು ನೀರು ನೋಡತೇನಿ ಅಮ್ಮಾ" ಎಂದು ಇಳಿದ. "ನೋಡು, ನೋಡು. ಅವರೂ ಹಿಂಗ ಮಾಡತಿದ್ರು" ಎಂದರು ಅವರು, ಎಷ್ಟೋ ತಿಂಗಳ ಮೇಲೆ ಮುಖ ಅರಳಿಸಿ. ಬಾನೆಟ್ ಎತ್ತಿದರೆ ಒಳಗೆ ಕುಳಿತವರಿಗೆ ಏನೂ ಕಾಣಿಸುವುದಿಲ್ಲ. ಅದರ ಮರೆಯಲ್ಲಿ ಗಂಟು ಬಿಚ್ಚಿ ಜೇಬಿಗೆ ಹಾಕಿಕೊಂಡ.

ಮೋಟೆಬೆನ್ನೂರು ಬಂತು. ಗಾಡಿ ನಿಂತಿದ್ದ ಜಾಗವನ್ನು ಇಬ್ಬರೂ ಗುರುತಿಸಿದರು. ಮೈಮುನಾಬಿ ಮೆಲ್ಲಗೆ ಕೈ ಚಾಚಿ, ನಡುವಿನ ಗುಬುಟನ್ನು ಕೆಂಪಿನ ಕಡೆಗೆ ತಿರುವಿದರು. ಬಿಸಿ ಗಾಳಿ ಬಂತು.

"ಅವರಿಗೆ ಇಲ್ಲಿ ಥಂಡಿ ಹತ್ತಿತ್ತು" ಎಂದರು.

ಥಂಡಿಯಲ್ಲ ಅಮ್ಮಾ, ನಮ್ಮನ್ನು ಹಾವೇರಿ ಮುಟ್ಟಿಸಲು ನೋಡುತ್ತಿದ್ದರು ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ. ಕಾವಿನ ಮುಳ್ಳು ನಡುವೆ ಅಲುಗದೆ ನಿಂತಿತ್ತು. ಅವನು ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ. ಕಿಟಕಿ ಮುಚ್ಚಿದ ಗಾಡಿಯಲ್ಲಿ ಇಬ್ಬರೂ ಬೆವತರು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರೇ ಹೊರತು ಅದನ್ನು ತಿರುಗಿಸಲಿಲ್ಲ, ಅವನೂ ತಿರುಗಿಸಲಿಲ್ಲ. ರಾಣೇಬೆನ್ನೂರಿನವರೆಗೂ ಹಾಗೆಯೇ ಹೋದರು.

ಮುಸರತಳ ಓಣಿಯ ತಿರುವಿನಲ್ಲಿ ಮತ್ತೆ ಗಾಡಿ ನಿಲ್ಲಿಸಿ ಇಳಿದ. ಬಾನೆಟ್ ಎತ್ತಿ, ಅಮ್ಮ ನೋಡಿದರೆ ಇದ್ದಲ್ಲೇ ಇರಲೆಂದು ಜೇಬಿನಿಂದ ಗಂಟು ತೆಗೆದು, ಅಮ್ಮ ಕಟ್ಟಿದ್ದಲ್ಲೇ, ಅಮ್ಮ ಸುತ್ತಿದ ಹಾಗೆಯೇ ಮೂರು ಸುತ್ತು ಸುತ್ತತೊಡಗಿದ. ದಾರದ ತುದಿ ಮಾತ್ರ ಒಳಗೆ ಹೋಗಲೊಲ್ಲದು.

"ನೀರು ಐತೇನು ಬೇಟಾ?" ಎಂದು ಒಳಗಿನಿಂದ ಅಮ್ಮನ ದನಿ ಬಂತು.

"ಐತಿ ಅಮ್ಮಾ" ಎಂದ ಮುಸ್ತಾಕ. "ಆವತ್ತೂ ಇತ್ತು."